ಬಿಸಿಲಿಗೆ ಹೊಲಿದ ತೋಳು

ವಕೀಲರ ಕರಿ ಕೋಟು ತೆಗೆಯಲೆಂದು ಕಾಜಾ ಅಕ್ಕ ಜಗಲಿಯ ಮೇಲಿನ ಶೋಕೇಸಿನ ಗಾಜಿನ ಬಾಗಿಲು ತೆರೆದಳು ನೋಡಿ, ಒಳಗಿನಿಂದ ಬಿಸಿಗಾಳಿ ಭಗ್ಗೆಂದು ಮುಖಕ್ಕೆ ಬಡಿಯಿತು. "ಅಯ್ಯಯ್ಯೋ!" ಎಂದು ಹಿಂದೆ ಸರಿದವಳು, ಎಲ್ಲಾದರೂ ಕಿಡಿ ಬಿದ್ದಿದೆಯೋ ಏನೋ ಎಂದು ಬಗ್ಗಿ ಹುಡುಕಿದಳು. ಕಿಡಿಯೂ ಇಲ್ಲ, ಹೊಗೆಯೂ ಇಲ್ಲ. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ಬಿಸಿಲು ಇತ್ತು, ಆದರೆ ಬರೀ ನೋಡಲಿಕ್ಕೆ. ಗಾಜಿನ ಒಳಗೆ ಮಾತ್ರ ಆ ಕೋಟು ಈಗಷ್ಟೇ ಇಸ್ತ್ರಿ ಮುಗಿಸಿಕೊಂಡು ಬಂದ ಹಾಗೆ ಬಿಸಿಯಾಗಿತ್ತು. ಕಾಜಾ ಅಕ್ಕ ಆಚೆ ಈಚೆ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ತನ್ನ ಎರಡೂ ಕೈಗಳನ್ನು ಕೋಟಿನ ತೋಳುಗಳೊಳಗೆ ತೂರಿಸಿ ನಿಂತಳು. ಏನು ಸುಖ, ಏನು ಸುಖ! ಮರಗಟ್ಟಿದ್ದ ಬೆರಳುಗಳಿಗೆ ಒಂದೊಂದಾಗಿ ಜೀವ ಬಂತು.

ಆ ಬೆರಳುಗಳೇ ಅವಳ ಬದುಕು. ಗುಂಡಿ ತೂರಿಸುವ ಕಾಜಾವನ್ನು ಮಷೀನಿಗೆ ಕೊಡದೆ ಕೈಯಲ್ಲೇ ಹೊಲಿಯುವವರು ಆ ಊರಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅದಕ್ಕೇ ಹೆತ್ತವರು ಇಟ್ಟ ಹೆಸರು ಮೂಲೆಗೆ ಸೇರಿ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಕಾಜಾ ಅಕ್ಕ ಆಗಿಬಿಟ್ಟಿದ್ದಳು. ಚಳಿಗಾಲ ಬಂತೋ, ಮುಗೀತು ಕತೆ. ಜಗಲಿಗೆ ಅಂಟಿಕೊಂಡೇ ಇದ್ದ ಅವಳ ಹೊಲಿಗೆ ಕೋಣೆಗೆ ಮೂರು ಕಡೆ ಕಲ್ಲುಗೋಡೆ. ಸೂಜಿ ಹಿಡಿದರೆ ಬೆರಳು ಮಾತು ಕೇಳುತ್ತಿರಲಿಲ್ಲ. ಹೀಟರ್ ಹಾಕೋಣವೆಂದರೆ, ಹೀಟರೂ ಇಸ್ತ್ರಿ ಪೆಟ್ಟಿಗೆಯೂ ಒಟ್ಟಿಗೆ ಹತ್ತಿದ ಕ್ಷಣ ಫ್ಯೂಸ್ ಹಾರಿ ಓಣಿಯವರ ಬೈಗುಳವೆಲ್ಲ ಅವಳ ಪಾಲಿಗೆ. ಇನ್ನು ಇದ್ದಿಲ ಒಲೆ? ಆ ಹೆಸರನ್ನು ಅವಳ ಅಣ್ಣನ ಮುಂದೆ ಎತ್ತುವ ಹಾಗೇ ಇರಲಿಲ್ಲ.

ಆಗಿದ್ದಿಷ್ಟು. ಹೋದ ಚಳಿಗಾಲದಲ್ಲಿ ಅವಳು ಕೋಣೆಯ ಬಾಗಿಲು ಬಿಗಿಯಾಗಿ ಹಾಕಿಕೊಂಡು, ಕಾಲ ಬುಡದಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಹೊಲಿಯುತ್ತಾ ಕೂತಿದ್ದಳು. ಇದ್ದಿಲಿನ ಆ ಹಾಳು ವಿಷಗಾಳಿ ಕಣ್ಣಿಗೆ ಕಾಣಿಸಲೂ ಇಲ್ಲ, ಮೂಗಿಗೆ ತಿಳಿಯಲೂ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಣ್ಣ ಬಾಗಿಲು ತಟ್ಟಿದ, ಕೂಗಿದ, ಕೊನೆಗೆ ಭುಜ ಕೊಟ್ಟು ಬಾಗಿಲನ್ನೇ ಮುರಿದ. ಮಷೀನಿನ ಮೇಲೆ ತಲೆಯಿಟ್ಟು ಬಿದ್ದಿದ್ದ ತಂಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಚಿಲಕಕ್ಕೆ ಸಿಕ್ಕಿ ಅವನ ಕೋಟು ಬೆನ್ನುದ್ದಕ್ಕೂ ಹರಿದಿತ್ತು. ಅಣ್ಣ ತರಕಾರಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿ. ದಿನವಿಡೀ ಆಲೂಗಡ್ಡೆ ಮೂಟೆಗಳ ನಡುವೆ, ಮುಂಗೈಗೆ ಕೆಂಪು ಪಟ್ಟಿಯಿದ್ದ ಆ ದಪ್ಪ ಹತ್ತಿಯ ಕೋಟಿನಲ್ಲೇ ಅವನ ಓಡಾಟ. ಆಳೋ, ಬಾಗಿಲಲ್ಲಿ ನಿಂತರೆ ಬೆಳಕೇ ಬಾರದ ಆಳು. ಅವನಿಗೆ ಹೊಸ ಕೋಟು ಬಂದ ಮೇಲೆ ಹರಿದದ್ದು ರಿಪೇರಿಗೆಂದು ತಂಗಿಯ ಹತ್ತಿರವೇ ಉಳಿಯಿತು. ಊರವರ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟ ಕಾಜಾ ಅಕ್ಕನಿಗೆ ಆ ಕೋಟಿಗೆ ಸೂಜಿ ಹಾಕಲು ಮಾತ್ರ ಕೈ ಬರಲೇ ಇಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು.

ಈ ಸಲ ಚಳಿ ಶುರುವಾಗುತ್ತಿದ್ದಂತೆ ಅಣ್ಣ ಬಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. "ಸಾಕು ಕಣೇ ಈ ಕೋಣೆ ಸಹವಾಸ. ಬೀಗ ಹಾಕಿ ನಮ್ಮನೆಗೆ ಬಂದ್ಬಿಡು. ನಿಮ್ಮತ್ತಿಗೆ ನಿನಗೇಂತ ಮಂಚ ಹಾಕ್ಸಿದ್ದಾಳೆ."

"ಮಷೀನು?"

"ನಮ್ಮನೇಲಿ ಮಷೀನಿಗೆ ಜಾಗ ಎಲ್ಲಿದೆ? ಹೊಲಿದಿದ್ದು ಸಾಕು. ಆರಾಮಾಗಿರು."

ಆರಾಮಂತೆ! ಹೊಲಿಯದೆ ಕೂತರೆ ಅವಳಿಗೆ ಒಂದೇ ವಾರದಲ್ಲಿ ಹುಚ್ಚು ಹಿಡಿಯುತ್ತದೆ. ಅವಳು ವಾದ ಮಾಡಿದಳು, ಅತ್ತಳು, ಬೈದಳು. ಅಣ್ಣ ಕರಗಲಿಲ್ಲ. ಕೊನೆಗೆ ಹೊಸ್ತಿಲಲ್ಲಿ ನಿಂತು ಒಂದು ಮಾತು ಬಿಟ್ಟಿದ್ದ. "ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ. ಒಲೆ ಇಲ್ದೆ, ಹೀಟರ್ ಇಲ್ದೆ, ಈ ಕೋಣೇಲಿ ನಾನು ಕೋಟು ಬಿಚ್ಚಿ ಕೂರೋ ಹಾಗಾದ್ರೆ ನನ್ನ ಬಾಯಿಗೆ ನೀನೇ ಕಾಜಾ ಹೊಡೆದು ಗುಂಡಿ ಹಾಕು, ಮತ್ತೆ ಈ ವಿಷಯ ಎತ್ತಲ್ಲ. ಇಲ್ಲಾಂದ್ರೆ ಅವತ್ತೇ ನನ್ನ ಜೊತೆ ಹೊರಡಬೇಕು."

"ಆಗಲಿ," ಎಂದಿದ್ದಳು ಕಾಜಾ ಅಕ್ಕ. ರೋಷದಲ್ಲಿ ಬಂದ ಮಾತು. ಆಮೇಲೆ ಒಬ್ಬಳೇ ಕೂತು ತಲೆ ಚಚ್ಚಿಕೊಂಡಿದ್ದಳು.

ಈಗ ಕೋಟಿನ ತೋಳಿನಲ್ಲಿ ಕೈಯಿಟ್ಟುಕೊಂಡು ಜಗಲಿಯಲ್ಲಿ ನಿಂತವಳ ಕಣ್ಣು ಹೊಲಿಗೆ ಕೋಣೆಯ ಹೊರಗೋಡೆಯ ಮೇಲೆ ಬಿತ್ತು. ಕಿಟಕಿಯಿಲ್ಲದ ಉದ್ದನೆಯ ಗೋಡೆ. ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಅದಕ್ಕೆ ಬಡಿದು ಬಡಿದು ವಾಪಸ್ಸು ಹೋಗುತ್ತದೆ. ಆಚೆ ಇಷ್ಟು ಬಿಸಿಲು, ಈಚೆ ನಡುಗುವ ತಾನು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಅವಳಿಗೆ ನಗು ಬಂತು, ಮೈ ಜುಮ್ಮೆಂದಿತು. ಕೋಟನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಓಣಿಯ ತುದಿಯ ಗಾರೆ ಕೆಲಸದವನ ಮನೆಗೆ ಓಡಿದಳು.

ಅವನನ್ನು ಎಲ್ಲರೂ ತೂಗುಗುಂಡು ಎಂದೇ ಕರೆಯುವುದು. ಯಾರ ಮನೆಗೆ ಕಾಲಿಟ್ಟರೂ ಮೊದಲು ಜೇಬಿನಿಂದ ದಾರಕ್ಕೆ ಕಟ್ಟಿದ ಗುಂಡು ತೆಗೆದು ಇಳಿಬಿಟ್ಟು, "ನಿಮ್ಮ ಗೋಡೆ ಸೊಟ್ಟ" ಎನ್ನದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಗೋಡೆಗೆ ಎರಡು ತೂತು ಕೊರೀಬೇಕು," ಎಂದಳು ಕಾಜಾ ಅಕ್ಕ ಏದುಸಿರಿನಲ್ಲಿ. "ಒಂದು ಕೆಳಗೆ, ಒಂದು ಮೇಲೆ."

"ಚೆನ್ನಾಗಿದೆ! ಚಳಿ ಅಂತ ಊರೆಲ್ಲ ಕಿಟಕಿ ಮುಚ್ತಿದ್ರೆ ನೀವು ತೂತು ಕೊರಿಸ್ತೀರಾ ಅಕ್ಕಾ?"

"ಹೇಳೋದು ಕೇಳಯ್ಯಾ. ಗೋಡೆ ಆಚೆ ಬದಿಗೆ ನನ್ನ ಶೋಕೇಸು ನಿಲ್ಲಿಸ್ತೀನಿ. ಒಳಗೆಲ್ಲ ಕರಿ ಬಟ್ಟೆ. ಕೋಣೇಲಿರೋ ತಣ್ಣಗಾಳಿ ಕೆಳಗಿನ ತೂತಿಂದ ಪೆಟ್ಟಿಗೆಗೆ ಹೋಗತ್ತೆ, ಬಟ್ಟೆ ಸಂದೀಲಿ ಬಿಸಿಯಾಗತ್ತೆ, ಮೇಲಿನ ತೂತಿಂದ ಕೋಣೆಗೆ ವಾಪಸ್ ಬರತ್ತೆ. ಬಿಸಿಗಾಳಿ ಮೇಲಕ್ಕೇ ಏರೋದು ಅಂತ ಇಸ್ತ್ರಿ ಹಾಕೋಳಿಗೆ ಯಾರಾದ್ರೂ ಹೇಳ್ಕೊಡ್ಬೇಕಾ?"

ತೂಗುಗುಂಡು ಗಡ್ಡ ಕೆರೆದುಕೊಂಡ. "ಆಗದೆ ಹೋದ್ರೆ ನನ್ನ ಬೈಬಾರದು."

"ಆಗದೆ ಹೋದ್ರೆ ಬೈಯೋಕೆ ನಾನು ಇಲ್ಲಿರಲ್ಲ ಬಿಡು," ಎಂದಳು.

ಆಮೇಲೆ ಕೆಲಸವೋ ಕೆಲಸ! ಬೇರೆ ಯಾರಾದರೂ ಆಗಿದ್ದರೆ ಅಳತೆ ಟೇಪು ಹಿಡಿದು ಗೋಡೆಗೆ ಗೆರೆ ಎಳೆಯುತ್ತಿದ್ದರು. ದರ್ಜಿಯ ದಾರಿಯೇ ಬೇರೆ. ಅವಳು ಹಳೆ ಪೇಪರುಗಳನ್ನು ಅಂಟಿಸಿ ಶೋಕೇಸಿನಷ್ಟೇ ಅಗಲದ ಒಂದು ಪೇಪರ್ ಕಟಿಂಗ್ ಮಾಡಿದಳು, ರವಿಕೆಗೆ ಮಾಡುವ ಹಾಗೆಯೇ. ಅದನ್ನು ಕೋಣೆಯ ಒಳಗಿನಿಂದ ಗೋಡೆಗೆ ಅಂಟಿಸಿದಳು. ಕೆಳಗಿನ ತೂತು ಇಸ್ತ್ರಿ ಮೇಜಿನ ಬದಿಗೆ, ಮೇಲಿನದು ಮಷೀನಿನ ಬದಿಗೆ. ಗಾಳಿ ಪೆಟ್ಟಿಗೆಯೊಳಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹತ್ತಬೇಕು, ಹೊರಬರುವ ಬಿಸಿ ನೇರ ತನ್ನ ಕೈ ಮೇಲೆ ಬೀಳಬೇಕು, ಅದು ಅವಳ ಲೆಕ್ಕ. ತೂಗುಗುಂಡು ಗುರುತು ನೋಡಿ ಕಲ್ಲು ಕೊರೆಯತೊಡಗಿದ. ಕೋಣೆಯೆಲ್ಲ ಧೂಳು. ಅವನ ಬಾಯಿಯೂ ಉಳಿಯೂ ಒಂದೇ ವೇಗದಲ್ಲಿ ಓಡುತ್ತಿದ್ದವು.

ಅತ್ತ ಜಗಲಿಯಲ್ಲಿ ಕಾಜಾ ಅಕ್ಕ ಶೋಕೇಸನ್ನು ಅಂಗಾತ ಮಲಗಿಸಿ, ಗಾಜಿನ ಬಾಗಿಲು ತೆರೆದು, ಅದೇ ಪೇಪರನ್ನು ಒಳಗಿನಿಂದ ಬೆನ್ನ ಹಲಗೆಯ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿದಳು. ಬಟ್ಟೆಯ ಒಳಮೈ ಮೇಲೇ ಗುರುತು ಹಾಕಬೇಕು ಅನ್ನುವುದು ಅವಳ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಶೋಕೇಸಿನ ಬೆನ್ನಿಗೆ ಒಂದು ಕಬ್ಬಿಣದ ಪಟ್ಟಿ ಮೂಲೆಯಿಂದ ಮೂಲೆಗೆ ಓರೆಯಾಗಿ ಬಿಗಿದಿತ್ತು. ಗಾಜಿನ ಭಾರಕ್ಕೆ ಪೆಟ್ಟಿಗೆ ಕುಸಿಯದಂತೆ ಹಿಡಿದದ್ದೇ ಆ ಪಟ್ಟಿ. ತನ್ನ ಎರಡು ಗುರುತುಗಳೂ ಪಟ್ಟಿಯಿಲ್ಲದ ಮೂಲೆಗಳಿಗೇ ಬಂದದ್ದು ನೋಡಿ ಅವಳಿಗೆ ಖುಷಿಯೋ ಖುಷಿ. ಗರಗಸ ಹಿಡಿದು ತಾನೇ ಕೊರೆದಳು. ವಕೀಲರ ಕೋಟುಗಳಿಂದ ಉಳಿದ ಕರಿ ತುಂಡುಗಳನ್ನೆಲ್ಲ ಜೋಡಿಸಿ, ಗಾಳಿ ಆಡಲು ಸಂದು ಬಿಟ್ಟು, ಒಳಗೆ ಸಾಲು ಸಾಲಾಗಿ ಇಳಿಬಿಟ್ಟಳು. ಅಂಚಿನ ಸಂದುಗಳಿಗೆ ಹತ್ತಿ ತುರುಕಿದಳು. ಊಟ ತಿಂಡಿ ಯಾವುದೂ ನೆನಪಿರಲಿಲ್ಲ. ಓಣಿಯವರು ಬಂದು ಬಂದು ನೋಡಿ, "ಬಿಸಿಲಿಗೆ ಲಂಗ ಹೊಲೀತಿದ್ದೀಯೇನೇ?" ಎಂದು ರೇಗಿಸಿದರು.

"ಹೌದು, ಅಳತೆ ಕೊಟ್ಟು ಹೋಗಿದೆ!" ಎಂದು ಇವಳು ನಕ್ಕಳು.

ಭಾನುವಾರ ಬೆಳಿಗ್ಗೆ, ಬಿಸಿಲು ಏರುತ್ತಿದ್ದಂತೆ, ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಒರಗಿಸಿದರು. ಕಾಜಾ ಅಕ್ಕ ಕೋಣೆಯೊಳಗೆ ಓಡಿ ಬಂದು ಮೇಲಿನ ತೂತಿಗೆ ಕೈ ಹಾಕಿದಳು. ಕೈಗೆ ಹಲಗೆ ತಾಗಿತು. ಕೆಳಗಿನದಕ್ಕೆ ಹಾಕಿದಳು. ಅಲ್ಲೂ ಹಲಗೆ.

"ಏನಯ್ಯಾ ಇದು? ಎಲ್ಲಿ ಕೊರೆದೆ ನೀನು?"

"ನೀವು ಅಂಟಿಸಿದ ಕಡೇನೇ ಕೊರೆದಿದ್ದೀನಿ ಅಕ್ಕಾ. ಗುಂಡು ಬಿಟ್ಟು ನೋಡಿದ್ದೀನಿ!"

ಪೆಟ್ಟಿಗೆಯ ಕೆಳತೂತು ಮಷೀನಿನ ಬದಿಗಿತ್ತು, ಮೇಲ್ತೂತು ಇಸ್ತ್ರಿ ಮೇಜಿನ ಬದಿಗೆ. ಅಡ್ಡಾದಿಡ್ಡಿ, ಉಲ್ಟಾಪಲ್ಟಾ. ಕಾಜಾ ಅಕ್ಕ ಪೇಪರನ್ನು ಕೈಗೆತ್ತಿಕೊಂಡಳು, ಒಮ್ಮೆ ಹೀಗೆ ಹಿಡಿದಳು, ಒಮ್ಮೆ ಹಾಗೆ. ಹೊಳೆಯಿತು. ಗೋಡೆಗೆ ಒಳಗಿನಿಂದ ಗುರುತು ಹಾಕಿದ್ದಳು, ಪೆಟ್ಟಿಗೆಗೂ ಒಳಗಿನಿಂದಲೇ ಹಾಕಿದ್ದಳು. ಎರಡೂ ಒಳಮೈ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವಾಗ ಪೇಪರನ್ನು ಒಂದು ಸಲ ಮಗುಚಬೇಕಲ್ಲವೇ? ಹೊಲಿಗೆ ಕಲಿಯಲು ಬಂದ ಹುಡುಗಿಯರು ಮೊದಲ ವಾರ ಮಾಡುವ ತಪ್ಪು ಇದು. ಪೇಪರ್ ಮಗುಚದೆ ಕತ್ತರಿಸಿ ಒಂದೇ ರವಿಕೆಗೆ ಎರಡೂ ಎಡಗೈ ತೋಳು ಮಾಡಿಕೊಂಡು ಬಂದು ನಿಲ್ಲುತ್ತಾರೆ. ಅವರನ್ನೆಲ್ಲ ಬೈದು ಬೈದು ಇಟ್ಟ ಅದೇ ಕಾಜಾ ಅಕ್ಕ ಈಗ ಗೋಡೆಗೆ ಎರಡು ಎಡತೋಳು ಕತ್ತರಿಸಿ ನಿಂತಿದ್ದಳು!

"ಪೆಟ್ಟಿಗೆಗೇ ಇನ್ನೆರಡು ತೂತು ಕೊರೆದ್ರಾಯ್ತು," ಎಂದ ತೂಗುಗುಂಡು.

"ಆ ಮೂಲೇಲೇ ಪಟ್ಟಿ ಇರೋದು. ಕೊಯ್ದರೆ ಗಾಜೆಲ್ಲ ನಿನ್ನ ಕಾಲ ಮೇಲೆ."

"ಹಾಗಾದ್ರೆ ಗೋಡೆ? ಎರಡು ದಿನ ಬೇಕು ಅಕ್ಕಾ, ಕಲ್ಲು ಅದು."

ಎರಡು ದಿನ ಎಲ್ಲಿಂದ ತರುವುದು? ಅಣ್ಣ ಮಧ್ಯಾಹ್ನ ಬರುತ್ತಾನೆ. ಕಾಜಾ ಅಕ್ಕ ತಲೆ ಮೇಲೆ ಕೈ ಹೊತ್ತು ಮಷೀನಿನ ಮುಂದೆ ಕುಸಿದಳು. ಇದೇ ಮಷೀನಿಗೆ ಸಂಜೆ ಬಟ್ಟೆ ಮುಚ್ಚಿ, ಬೀಗ ಹಾಕಿ, ಅಣ್ಣನ ಹಿಂದೆ ಹೋಗಬೇಕು. ಅತ್ತಿಗೆ ಒಳ್ಳೆಯವಳೇ. ಮಂಚವೂ ಚೆನ್ನಾಗಿಯೇ ಇರುತ್ತದೆ. ಅದನ್ನು ನೆನೆದೇ ಅವಳ ಕಣ್ಣಲ್ಲಿ ನೀರು ಬಂತು. ಎರಡು ಎಡತೋಳು, ಎರಡು ಎಡತೋಳು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದವಳು ತಟ್ಟನೆ ಎದ್ದು ನಿಂತಳು. ತೋಳು!

"ಏಯ್, ಪೆಟ್ಟಿಗೇನ ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಳ್ಳು!" ಎಂದು ಕೂಗಿದಳು. "ತೂತಿಗೆ ತೂತು ಸೇರದಿದ್ರೆ ಕತ್ತೆ ಬಾಲ. ಮಧ್ಯೆ ತೋಳು ಹೊಲಿದು ಕೂರಿಸ್ತೀನಿ. ಪೆಟ್ಟಿಗೆ ತೂತಿಂದ ಗೋಡೆ ತೂತಿಗೆ ಅಡ್ಡಡ್ಡ! ಕೆಳಗೊಂದು, ಮೇಲೊಂದು!"

ದಪ್ಪ ಬಟ್ಟೆ ಬೇಕು, ದಾರಿಯಲ್ಲಿ ಬಿಸಿ ಸೋರಬಾರದು. ಕೈ ಹೋಗುವಷ್ಟಲ್ಲ, ತೊಡೆ ಹೋಗುವಷ್ಟು ಅಗಲ ಇರಬೇಕು. ಅವಳ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಾಗಿಲ ಹಿಂದಿನ ಮೊಳೆಯ ಮೇಲೆ ನಿಂತಿತು. ಅಣ್ಣನ ಹಳೇ ಕೋಟು. ಒಳಗೆ ಬೆರಳಿನಷ್ಟು ದಪ್ಪ ಹತ್ತಿ, ಅಣ್ಣನ ತೋಳಿಗೆ ಹೊಲಿದ ತೋಳು. ಅದನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲೆ ಹಾಸಿದಳು. ಕತ್ತರಿ ಭುಜದ ಹೊಲಿಗೆಯ ಹತ್ತಿರ ಬಂದು ನಿಂತುಬಿಟ್ಟಿತು. "ತಪ್ಪು ತಿಳೀಬೇಡ ಅಣ್ಣ," ಎಂದು ಕೋಟಿಗೇ ಹೇಳಿ ಹೊಲಿಗೆ ಬಿಚ್ಚಿದಳು.

ಮಷೀನು ಗರಗರ ಓಡಿತು. ತೋಳು ಕುಸಿಯದಂತೆ ಹ್ಯಾಂಗರಿನ ತಂತಿಯನ್ನು ಬಳೆ ಮಾಡಿ ಒಳಗೆ ಹೊಲಿದಳು. ಭುಜದ ಬಾಯಿಯನ್ನು ಪೆಟ್ಟಿಗೆಗೆ ಮೊಳೆ ಹೊಡೆದು ಬಿಗಿದಳು, ಮುಂಗೈ ಬಾಯಿಯನ್ನು ಬಿಚ್ಚಿ ಅಗಲ ಮಾಡಿ, ಕೆಂಪು ಪಟ್ಟಿ ಸಮೇತ ಗೋಡೆಯ ತೂತಿನೊಳಗೆ ತೂರಿಸಿದಳು. ತೂಗುಗುಂಡು ಸುತ್ತಲೂ ಗಾರೆ ಮೆತ್ತಿದ. ಹೊರಗಿನಿಂದ ನೋಡಿದರೆ ಶೋಕೇಸು ಬೆನ್ನ ಹಿಂದೆ ಕೈಕಟ್ಟಿ ನಿಂತ ಹಾಗೆ ಕಾಣುತ್ತಿತ್ತು.

ಇಬ್ಬರೂ ಒಳಗೆ ಬಂದು ಉಸಿರು ಬಿಗಿಹಿಡಿದು ನಿಂತರು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಕಾಜಾ ಅಕ್ಕ ಒಂದೆಳೆ ದಾರ ತೆಗೆದು ಮೇಲಿನ ತೂತಿನ ಮುಂದೆ ಹಿಡಿದಳು. ದಾರ ಸುಮ್ಮನೆ ತೂಗುತ್ತಿತ್ತು. ಆಮೇಲೆ ಒಂಚೂರು ಅಲುಗಿತು. ಆಮೇಲೆ ಕೋಣೆಯ ಕಡೆಗೆ ಬಾಗಿತು, ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ಅಂಗೈ ಒಡ್ಡಿದಳು. ಬಿಸಿ! ನಿಜವಾದ ಬಿಸಿ!

"ಬಂತಯ್ಯಾ! ಬಂತು!" ಎಂದು ಅವಳು ಕುಣಿದೇ ಬಿಟ್ಟಳು. ತೂಗುಗುಂಡು ಗುಂಡು ಇಳಿಬಿಡುವುದನ್ನೂ ಮರೆತು ಚಪ್ಪಾಳೆ ಹೊಡೆದ. ಆಮೇಲೆ ಮೂಗರಳಿಸಿದ. "ಅಕ್ಕಾ, ಎಲ್ಲೋ ಆಲೂಗಡ್ಡೆ ವಾಸನೆ."

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಆ ಕೋಟು ಒಗೆಯಲು ಹೊತ್ತೆಲ್ಲಿತ್ತು?

ಮಧ್ಯಾಹ್ನ ಅಣ್ಣ ಬಂದಾಗ ಬಾಗಿಲು ಕತ್ತಲಾಯಿತು. ಹೊಸ ಕೋಟು, ಕುತ್ತಿಗೆಯವರೆಗೂ ಗುಂಡಿ. ಗೋಡೆಯ ಎರಡು ತೂತುಗಳನ್ನು ನೋಡಿದ. ಒಲೆ ಇದೆಯೇ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದ, ಹೀಟರಿನ ಪ್ಲಗ್ಗು ನೋಡಿದ. ಕುರ್ಚಿಯಲ್ಲಿ ಕೂತು ಮನೆಯಿಂದ ತಂದ ಊಟದ ಡಬ್ಬಿ ಬಿಚ್ಚಿದ. ಕಾಜಾ ಅಕ್ಕ ಎದುರು ಕೂತಳು. ಅವನ ಹಣೆಯಲ್ಲಿ ಒಂದು ಹನಿ ಮೂಡಿತು. ಅದು ಹುಬ್ಬಿಗೆ ಇಳಿಯಿತು. ಮುಖ ಕೆಂಪಾಯಿತು.

"ಬಿಚ್ಚು ಅಣ್ಣ, ಸೆಖೆ ಆಗ್ತಿದೆ ನಿನಗೆ."

"ಯಾರು ಹೇಳಿದ್ದು? ಚಳೀನೇ."

"ಬೆವರು ಇಳೀತಿದೆ!"

"ಊಟ ಖಾರ. ನಿಮ್ಮತ್ತಿಗೆ ಕೈ ನಿನಗೆ ಗೊತ್ತಲ್ಲ."

ಸುಳ್ಳ! ಮಹಾ ಸುಳ್ಳ! ಕಾಜಾ ಅಕ್ಕನಿಗೆ ನಗುವೂ ಬಂತು, ಸಿಟ್ಟೂ ಬಂತು. ಕೂತಲ್ಲೇ ಬೆಂದು ಹೋದರೂ ಗುಂಡಿಗೆ ಕೈ ಹಚ್ಚುವ ಆಸಾಮಿಯಲ್ಲ ಅವನು. ಅಷ್ಟರಲ್ಲಿ ಅಣ್ಣನ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತು. ಮೂಗು ಎರಡು ಸಲ ಅರಳಿತು.

"ಇದೇನೇ, ನಮ್ಮ ಗೋಡೌನಿನ ವಾಸನೆ ಇಲ್ಲಿ?"

ಅವನು ಎದ್ದು ವಾಸನೆ ಹಿಡಿದು ಗೋಡೆಯ ಬಳಿ ಹೋದ. ಮೇಲಿನ ತೂತಿಗೆ ಎಡಗೈ ಹಾಕಿದ. ಬೆರಳಿಗೆ ಹತ್ತಿಯ ದಪ್ಪ ಸಿಕ್ಕಿತು. ಅಂಚನ್ನು ಎಳೆದು ನೋಡಿದ. ಕೆಂಪು ಪಟ್ಟಿ.

"ಇದು ನನ್ನ ಕೋಟು."

"ಹೂಂ."

"ಅವತ್ತಿಂದು."

"ಹೂಂ ಅಣ್ಣ. ಅದರ ತೋಳು."

ಆ ದೊಡ್ಡ ಆಳು ಗೋಡೆಗೆ ಮುಖ ಮಾಡಿ ನಿಂತೇ ಇದ್ದ. ತಿರುಗದೆಯೇ ಮಾತಾಡಿದ. "ಅವತ್ತು ಓಡ್ತಾ ನಿನ್ನ ಕರೀತಾನೇ ಇದ್ದೆ. ನೀನು ಒಂದು ಸಲಾನೂ ಓ ಅನ್ಲಿಲ್ಲ. ಕೈ ಮುಟ್ಟಿದ್ರೆ ಐಸು. ನಾನು ದಿನಾ ಐಸಲ್ಲೇ ಇರೋನು, ಅಂಥಾ ತಣ್ಣನೇದು ಯಾವತ್ತೂ ಮುಟ್ಟಿಲ್ಲ ಕಣೇ. ಈಗ್ಲೂ ಈ ಓಣಿಗೆ ಬಂದ್ರೆ ಮೊದ್ಲು ನಿನ್ನ ಮಷೀನಿನ ಸದ್ದು ಕೇಳ್ಸತ್ತಾ ಅಂತ ನಿಂತು ನೋಡ್ತೀನಿ."

ಕಾಜಾ ಅಕ್ಕ ಎದ್ದು ಹೋಗಿ ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಮಗುಚಿ ನೋಡಿದ, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಬೆಚ್ಚಗಿದ್ದವು, ಹತ್ತೂ ಬೆಚ್ಚಗಿದ್ದವು.

"ಇದ್ರಲ್ಲಿ ಹೊಗೆ ಇಲ್ವಾ?"

"ಬಿಸಿಲಿಗೆಲ್ಲಿಯ ಹೊಗೆ? ಬರೀ ಆಲೂಗಡ್ಡೆ ವಾಸನೆ."

"ಸಂಜೆ ಮೇಲೆ?"

"ಸಂಜೆ ಎರಡು ತೂತಿಗೂ ಹತ್ತಿ ಟೋಪಿ ಹಾಕಿ, ರಜಾಯಿ ಹೊದ್ದು ಮಲಗ್ತೀನಿ. ರಾತ್ರಿ ಹೊಲಿಯೋಕೆ ನನಗೇನು ಹುಚ್ಚಾ?"

ಅಣ್ಣ ಗುಂಡಿ ಬಿಚ್ಚತೊಡಗಿದ. ಕೋಟು ಕಳಚಿದ. ಒಳಗೊಂದು ಸ್ವೆಟರು. ಅದನ್ನೂ ತಲೆ ಮೇಲಿಂದ ಎಳೆದ. ಅದರೊಳಗೆ ಇನ್ನೊಂದು ಸ್ವೆಟರು! ಕಾಜಾ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮಷೀನಿಗೆ ಒರಗಿದಳು. ಅವನೂ ಬೆವರೊರೆಸಿಕೊಂಡು, ಕಣ್ಣನ್ನೂ ಅದರ ಜೊತೆಗೇ ಒರೆಸಿಕೊಂಡು ನಕ್ಕ. ಬರೀ ಅಂಗಿಯಲ್ಲಿ ನಿಂತು ಹೊಸ ಕೋಟನ್ನು ಬಾಗಿಲ ಹಿಂದಿನ ಖಾಲಿ ಮೊಳೆಗೆ ತಾನೇ ತೂಗುಹಾಕಿದ.

"ಇದೂ ಇಲ್ಲೇ ಇರಲಿ," ಎಂದ. "ಅವು ಸವೆದ್ರೆ ಇನ್ನೆರಡು ತೋಳು ಬೇಕಾಗತ್ತಲ್ಲ."

ಕಾಜಾ ಅಕ್ಕ ಮೂಗು ಒರೆಸಿಕೊಂಡು, ಸೂಜಿ ಎತ್ತಿ ಬೆಳಕಿಗೆ ಹಿಡಿದಳು. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು.

"ಎಲ್ಲಿ, ಇಲ್ಲಿ ಬಾ," ಎಂದಳು. "ಬಾಯಿ ಮುಂದೆ ಮಾಡು."